ಕಾಲುರಿಗೆ ‘ನರದ ವಿಟಮಿನ್’: ಫಾರ್ವರ್ಡ್ ಹೇಳದ ಸಂಗತಿ
ಸಕ್ಕರೆ ಕಾಯಿಲೆಯ ಪಾದದುರಿ, ಜೋಮು ವಿಟಮಿನ್ ಮಾತ್ರೆಯಿಂದ ಮಾಯವಾಗುತ್ತದೆಯೇ? ಅರ್ಧ ಸತ್ಯ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ಕಡಿಮೆಯಾಗಬಹುದು; ಆ ಕೊರತೆಯೂ ಥೇಟ್ ಇದೇ ಜೋಮು ತರುತ್ತದೆ. ಹಾಗಂತ ಮೆಟ್‌ಫಾರ್ಮಿನ್ ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿ. ಕೊರತೆಯಿದ್ದರೆ ಬಿ12 ಬೇಕೇ ಬೇಕು. ಇಲ್ಲದಿದ್ದರೆ ದುಡ್ಡು ದಂಡ. ಇನ್ನು ಬಿ6 ಅತಿಯಾಗಿ, ತಿಂಗಳುಗಟ್ಟಲೆ ತಿಂದರೆ ನರವೇ ಕೆಡುತ್ತದೆ!

ಹತ್ತಿಕುಣಿ, ಯಾದಗಿರಿ ಕಡೆಯ ಜೋಳದ ರೊಟ್ಟಿ ಒಳ್ಳೆಯದೇ, ನಾರಿದೆ. ಆದರೆ 100 ಗ್ರಾಂ ಜೋಳದಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್. ರೊಟ್ಟಿ ಒಂದು ಕಡಿಮೆ ಮಾಡಿ, ತೊಗರಿ ಬೇಳೆ, ಪುಂಡಿಪಲ್ಯ ಹೆಚ್ಚಿಸಿ. ಬಿ12 ಮಾತ್ರ ಸೊಪ್ಪಿನಲ್ಲಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನಿನಲ್ಲಿದೆ.

ಜೋಮು ಹಿಡಿದ ಪಾದಕ್ಕೆ ಬೇಸಿಗೆಯ ಹೊಲದ ಸುಡು ಗೊತ್ತಾಗುವುದಿಲ್ಲ. ಚಪ್ಪಲಿ ಬಿಡಬೇಡಿ, ರಾತ್ರಿ ಅಂಗಾಲು ನೋಡಿಕೊಳ್ಳಿ.