ಕತ್ತಿಯ ಅಲಗಿನಿಂದ ಕೊಳವೆಬಾವಿಯ ಬಾಯಿಗೆ

ಅಡಿಕೆ ತೋಟದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬೆರೆಸಿದವರು ಹದ ನೋಡಲು ಅದರಲ್ಲಿ ಕತ್ತಿ ಅದ್ದಿ ತೆಗೆಯುವುದುಂಟು. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ: ಮೈಲುತುತ್ತದ ತಾಮ್ರ ಇನ್ನೂ ಬಿಡಿಯಾಗಿ ನೀರಿನಲ್ಲಿದೆ, ಕಬ್ಬಿಣ ಕಂಡದ್ದೇ ಅದರ ಮೇಲೆ ಕೂರುತ್ತಿದೆ. ಪ್ರಯೋಗಾಲಯದ ಮಾತಿನಲ್ಲಿ ಇದು ತಾಮ್ರದ ಅಯಾನಿನ ಗುಣಾತ್ಮಕ ವಿಶ್ಲೇಷಣೆ. ಎಷ್ಟಿದೆ ಎಂದು ಅದು ಕೇಳುವುದಿಲ್ಲ. ಇದೆಯೋ ಇಲ್ಲವೋ ಎಂದಷ್ಟೇ ಕೇಳುತ್ತದೆ.

ಈ ಪ್ರಶ್ನೆಗೆ ಎರಡು ಸಾವಿರ ವರ್ಷ ವಯಸ್ಸು. ತಾಮ್ರದ ಕಿಲುಬಿಗೆ ಅನ್ನಭೇದಿ ಬೆರೆಸಿ ಮಾರುವ ಮೋಸವನ್ನು ಹಿಡಿಯುವ ಬಗೆಯನ್ನು ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ: ಮಾಚಿಕಾಯಿ ರಸದಲ್ಲಿ ನೆನೆಸಿದ ಪಪೈರಸ್‌ಗೆ ಹಚ್ಚಿ ನೋಡಿ, ಕಪ್ಪಾದರೆ ಅನ್ನಭೇದಿಯಿದೆ. ಅಳಲೆಕಾಯಿ, ಅನ್ನಭೇದಿ ಕೂಡಿಸಿ ಶಾಯಿ ಕಾಯಿಸುತ್ತಿದ್ದ ನಮ್ಮವರ ಕೈಯಲ್ಲಿದ್ದದ್ದೂ ಇದೇ ರಸಾಯನ. ಅವರಿಗೆ ಬೇಕಿದ್ದದ್ದು ಕಪ್ಪು, ಪ್ಲಿನಿಗೆ ಬೇಕಿದ್ದದ್ದು ಸಾಕ್ಷಿ.

18ನೇ ಶತಮಾನದ ಹೊತ್ತಿಗೆ ಇಂಥ ಸಾಕ್ಷಿಗಳು ರಾಶಿಯಾದವು. ಬರ್ಲಿನ್ನಿನ ಮಾರ್ಗ್ರಾಫ್ ಜ್ವಾಲೆಯ ಬಣ್ಣದಿಂದ ಸೋಡಿಯಂ, ಪೊಟ್ಯಾಸಿಯಂ ಲವಣಗಳನ್ನು ಬೇರೆಯಾಗಿ ಗುರುತಿಸಿದ. ಉಪ್ಸಾಲಾದ ಬೆರ್ಗ್‌ಮನ್ 1778ರಲ್ಲಿ ನೀರಿನ ವಿಶ್ಲೇಷಣೆಗೆ ಪ್ರತ್ಯೇಕ ಗ್ರಂಥವನ್ನೇ ಬರೆದ. ಆದರೆ ಒಂದೇ ಬಟ್ಟಲಿನಲ್ಲಿ ಆರೇಳು ಲೋಹಗಳಿದ್ದರೆ? ಒಂದರ ಬಣ್ಣ ಇನ್ನೊಂದನ್ನು ನುಂಗುತ್ತದೆ. ಸಾಕ್ಷಿಗಳು ಬೇಕಾದಷ್ಟಿದ್ದವು, ವಿಚಾರಣೆಗೆ ಕ್ರಮವಿರಲಿಲ್ಲ.

ಕ್ರಮ ಕಟ್ಟಿದವರಲ್ಲಿ ಹೈನ್ರಿಚ್ ರೋಸ್ ಮೊದಲಿಗನೆನ್ನಬಹುದು. ಆದರೆ ಅದು ಮನೆಮಾತಾದದ್ದು 1841ರಲ್ಲಿ ಬಂದ ಒಂದು ಪುಸ್ತಕದಿಂದ. ಅದನ್ನು ಬರೆದ ಫ್ರೆಸೇನಿಯಸ್‌ಗೆ ಆಗ 22 ವರ್ಷ, ಬಾನ್‌ನಲ್ಲಿ ಇನ್ನೂ ವಿದ್ಯಾರ್ಥಿ. ಕಲಿಯುವವನು ಬರೆದದ್ದರಿಂದಲೇ ಅದು ಕಲಿಯುವವರಿಗೆ ದಕ್ಕಿತು ಎಂಬುದು ನನ್ನ ಗುಮಾನಿ. ಮೊದಲು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ. ಬೆಳ್ಳಿ, ಸೀಸ ಬಿಳಿ ಗಸಿಯಾಗಿ ತಳಕ್ಕಿಳಿಯುತ್ತವೆ. ಸೋಸಿ, ಆಮ್ಲವಿರುವಾಗಲೇ ಹೈಡ್ರೋಜನ್ ಸಲ್ಫೈಡ್ ಹಾಯಿಸಿ. ತಾಮ್ರ ಕಪ್ಪಾಗಿ, ಕ್ಯಾಡ್ಮಿಯಂ ಹಳದಿಯಾಗಿ, ಆಂಟಿಮನಿ ಕಿತ್ತಳೆಯಾಗಿ ಇಳಿಯುತ್ತವೆ. ಅಮೋನಿಯದಿಂದ ಕ್ಷಾರವಾಗಿಸಿ ಅದೇ ಅನಿಲ ಹಾಯಿಸಿದರೆ ನಿಕಲ್, ಸತುವಿನ ಸರದಿ. ಕೊನೆಗೆ ಯಾವ ಬಲೆಗೂ ಬೀಳದೆ ಸೋಡಿಯಂ, ಪೊಟ್ಯಾಸಿಯಂ ಉಳಿಯುತ್ತವೆ. ಅಮೋನಿಯಂ ಅನ್ನು ಮಾತ್ರ ಮೂಲ ಮಾದರಿಯಲ್ಲೇ ನೋಡಿಬಿಡಬೇಕು, ಏಕೆಂದರೆ ನಡುವೆ ಅದನ್ನು ಸುರಿಯುವವರು ನಾವೇ.

ಒಂದೇ ಅನಿಲ ಆಮ್ಲದಲ್ಲಿ ಕೆಲವನ್ನು, ಕ್ಷಾರದಲ್ಲಿ ಬೇರೆ ಕೆಲವನ್ನು ಏಕೆ ಹಿಡಿಯುತ್ತದೆ? ಕೈಗೆ ಗೊತ್ತಿದ್ದದ್ದು ತಲೆಗೆ ತಿಳಿಯಲು ಅರ್ಧ ಶತಮಾನ ಬೇಕಾಯಿತು. ಆಮ್ಲವಿದ್ದಾಗ ಸಲ್ಫೈಡ್ ಅಯಾನು ತೀರ ವಿರಳ. ಅಷ್ಟಕ್ಕೇ ಗಸಿಯಾಗುವವು ಬಹಳ ಕಡಿಮೆ ಕರಗುವ ಸಲ್ಫೈಡ್‌ಗಳು ಮಾತ್ರ. 1889ರ ನೆರ್ನ್‌ಸ್ಟ್, ಅವನ ಬೆನ್ನಿಗೇ ಆಸ್ಟ್‌ವಾಲ್ಡ್, ಇದನ್ನು ಲೆಕ್ಕಕ್ಕೆ ತಂದರು.

ಕೊಳೆತ ಮೊಟ್ಟೆಯ ನಾತ ಬೀರುವ ಕಿಪ್ ಉಪಕರಣವಿದ್ದ ಕಾಲೇಜಿನಲ್ಲಿ ‘ಸಾಲ್ಟ್ ಅನಾಲಿಸಿಸ್’ ಮಾಡಿದವರಿಗೆ ಈ ಇತಿಹಾಸ ಮೂಗಿನಲ್ಲೇ ಇದೆ. ನನ್ನ ಮಟ್ಟಿಗಂತೂ ನಿಕಲ್‌ನ ಗುಲಾಬಿಗೆಂಪು ಆ ನಾತಕ್ಕೆಲ್ಲ ಪರಿಹಾರವಾಗಿತ್ತು. ಅದು 1905ರಲ್ಲಿ ರಷ್ಯಾದ ಚುಗಾಯೆವ್ ಕಂಡುಕೊಂಡ ಡೈಮಿಥೈಲ್‌ಗ್ಲೈಆಕ್ಸಿಮ್‌ನ ವರ. ಇಂಥ ಸಾವಯವ ಕಾರಕಗಳ ಒಂದೊಂದು ಹನಿಯಿಂದಲೇ ಲೋಹ ಹಿಡಿಯುವ ವಿದ್ಯೆಯನ್ನು ವಿಯೆನ್ನಾದಲ್ಲಿ ಬೆಳೆಸಿದ ಫ್ರಿಟ್ಜ್ ಫೈಗ್ಲ್, ನಾಜಿಗಳ ಕಾರಣ ಊರು ಬಿಟ್ಟು, ಕೊನೆಗೆ ಬ್ರೆಜಿಲ್‌ನಲ್ಲಿ ಅದನ್ನು ಮುಂದುವರಿಸಿದರು.

ಗಸಿಯ ಗೊಡವೆಯೇ ಇಲ್ಲದ ದಾರಿ ಅಷ್ಟರಲ್ಲಾಗಲೇ ತೆರೆದಿತ್ತು. ಬುನ್ಸನ್, ಕಿರ್ಖಾಫ್ ಜ್ವಾಲೆಯ ಬೆಳಕನ್ನು ಪಟ್ಟಕದಲ್ಲಿ ಸೀಳಿ, 1860ರಲ್ಲಿ ಡುರ್ಕ್‌ಹೈಮ್‌ನ ಖನಿಜ ನೀರಿನಲ್ಲಿ ಯಾರೂ ಕಾಣದ ನೀಲಿ ಗೆರೆಗಳನ್ನು ಕಂಡರು: ಸೀಸಿಯಂ. 1955ರಲ್ಲಿ ಆಸ್ಟ್ರೇಲಿಯಾದ ಅಲನ್ ವಾಲ್ಷ್ ಪರಮಾಣು ಹೀರಿಕೆಯ ವಿಧಾನ ಪ್ರಕಟಿಸಿದ ಮೇಲೆ ದಿನನಿತ್ಯದ ಕೆಲಸ ಪ್ರನಾಳದಿಂದ ಯಂತ್ರಕ್ಕೆ ಜಾರತೊಡಗಿತು.

ಯಂತ್ರ ಹೋಗದ ಕಡೆ ಹಳೆಯ ವಿದ್ಯೆ ಇನ್ನೂ ದುಡಿಯುತ್ತಿದೆ. ಆರ್ಸೆನಿಕ್ ಅನ್ನು ಅನಿಲವಾಗಿಸಿ ಹಿಡಿಯುವ ಉಪಾಯ ವಿಷಪ್ರಾಶನದ ಮೊಕದ್ದಮೆಗಳಿಗೆಂದು 1836ರಲ್ಲಿ ಜೇಮ್ಸ್ ಮಾರ್ಷ್ ಹೂಡಿದ್ದು. ಕಾಗದದ ಮೇಲಿನ ಕಲೆಯಿಂದ ಅದನ್ನು ಓದುವ ಸುಲಭ ರೂಪ ಗುಟ್‌ಜೈಟ್‌ನದು. ಬಾಂಗ್ಲಾದೇಶದ ಕೊಳವೆಬಾವಿಗಳನ್ನು ಹಳ್ಳಿಹಳ್ಳಿಯಲ್ಲಿ ಪರೀಕ್ಷಿಸಿದ ಪೆಟ್ಟಿಗೆಗಳಲ್ಲಿದ್ದದ್ದು ಅದೇ ಕಾಗದ. ಕಲೆ ಗಾಢವಾದರೆ ಪಂಪಿನ ಬಾಯಿಗೆ ಕೆಂಪು ಬಣ್ಣ, ಇಲ್ಲವಾದರೆ ಹಸಿರು.