ಕಡತ ಕೆಟ್ಟಿರಲಿಲ್ಲ, ಅಕ್ಷರದ ಲೆಕ್ಕ ಬೇರೆಯಿತ್ತು



ನೋಯ್ಡಾದ ಹಿರಿಯ ಕೇಳುಗರೊಬ್ಬರು ಒಮ್ಮೆ ಒಂದು ಸಿ.ಡಿ. ತಂದುಕೊಟ್ಟರು. ತೀರಿಕೊಂಡ ಯಜಮಾನರು ಮನೆಯ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದ ನೆನಪುಗಳು ಅದರಲ್ಲಿದ್ದವು. ನಾಲ್ಕು ಪುಟವಾದರೂ ರೇಡಿಯೋದಲ್ಲಿ ಓದಬೇಕೆಂದು ಅವರ ಆಸೆ. ತೆರೆದು ನೋಡಿದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೀಟುಗಳು, ನಡುನಡುವೆ ಪೌಂಡ್ ಚಿಹ್ನೆ. "ಎಲ್ಲಾ ಹಾಳಾಗಿಹೋಯಿತೇನಮ್ಮಾ?" ಎಂದರು. ನನಗೂ ಹಾಗೇ ಅನ್ನಿಸಿತ್ತು.

ಹಾಳಾಗಿರಲಿಲ್ಲ. ಇದರ ಹಿಂದೆ ಒಂದು ಚರಿತ್ರೆಯೇ ಇದೆ.

ಕಂಪ್ಯೂಟರಿಗೆ ಅಕ್ಷರವೆಂದರೆ ಒಂದು ಸಂಖ್ಯೆ. ನಮ್ಮ ದೆಹಲಿಯ ಬಹಾದ್ದೂರ್ ಷಾ ಜಫರ್ ಮಾರ್ಗದಲ್ಲಿ ಕಚೇರಿಯಿರುವ ಭಾರತೀಯ ಮಾನಕ ಬ್ಯೂರೋ, ಭಾರತದ ಲಿಪಿಗಳಿಗಾಗಿ 'ಇಸ್ಕಿ' ಎಂಬ ಸಂಖ್ಯಾಪಟ್ಟಿಯನ್ನು 1991ರಲ್ಲಿ ಹೊರತಂದಿತು. ಅದೇ ವರ್ಷ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೂ ಕನ್ನಡಕ್ಕೆ ಜಾಗವಿತ್ತು. ಅಲ್ಲಿ 'ಕ' ಎಂದರೆ 3221. ಆದರೆ ಮನೆಮನೆಯ ವಿಂಡೋಸ್ 95, 98ಕ್ಕೆ ಕನ್ನಡ ತಿಳಿಯದು. ಹಾಗಾಗಿ ತಂತ್ರಾಂಶ ಮಾಡಿದವರು ಒಂದು ಉಪಾಯ ಹೂಡಿದರು: ಇಂಗ್ಲಿಷ್ ಅಕ್ಷರದ ಸಂಖ್ಯೆಯಲ್ಲಿ ಕನ್ನಡದ ಚಿತ್ರವನ್ನು ಕೂರಿಸುವುದು. ನುಡಿಯ ಹಳೆಯ ಫಾಂಟ್‌ಗಳಲ್ಲಿ 'ಕ'ದ ಒಡಲು ಇಂಗ್ಲಿಷಿನ 'ಪಿ' ಮನೆಯಲ್ಲಿ, ತಲಕಟ್ಟು ಗೀಟು ಹೊತ್ತ 'ಎ' ಮನೆಯಲ್ಲಿ, 'ನ'ದ ಒಡಲು ಪೌಂಡ್ ಚಿಹ್ನೆಯ ಮನೆಯಲ್ಲಿ! ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು.

ಇದನ್ನು ದೂರುವುದು ಸರಿಯಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ, 1998ರಲ್ಲಿ ಬಂದ ಶೇಷಾದ್ರಿ ವಾಸು ಅವರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಇವೆಲ್ಲ ಇಲ್ಲದಿದ್ದರೆ ಆ ಯಜಮಾನರು ಕನ್ನಡದಲ್ಲಿ ಬರೆಯುತ್ತಲೇ ಇರಲಿಲ್ಲವೇನೋ.

2001ರ ವಿಂಡೋಸ್ ಎಕ್ಸ್‌ಪಿ 'ತುಂಗ' ಫಾಂಟಿನೊಡನೆ ಯೂನಿಕೋಡ್ ಕನ್ನಡವನ್ನು ಮನೆಗೆ ತಂದಿತು. ಹೊಸ ಕಡತಗಳ ತೊಂದರೆ ಕ್ರಮೇಣ ತೀರಿತು. ಹಳೆಯವು ಮಾತ್ರ ಹಾಗೇ ಉಳಿದವು.

ನಮಗೆ ದಾರಿ ತೋರಿಸಿದ್ದು ವರ್ಡ್‌ನಲ್ಲಿ ಫಾಂಟ್ ಹೆಸರು ಕಾಣುವ ಪುಟ್ಟ ಚೌಕ. ಫಾಂಟ್ ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ ಕಡತ ಅದರ ಹೆಸರನ್ನು ಮರೆಯುವುದಿಲ್ಲ. 'ನುಡಿ' ಎಂದಿತ್ತು. ಮೊದಲು ಪ್ರತಿ ತೆಗೆದಿಟ್ಟುಕೊಂಡೆವು, ಫಾಂಟ್ ಹಾಕಿದೆವು, ಅಕ್ಷರ ಮೂಡಿತು. ಆಮೇಲೆ ಪರಿವರ್ತಕದಿಂದ ಯೂನಿಕೋಡ್‌ಗೆ ತಂದೆವು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಆ 'ರ'ಕಾರ ಮೊದಲೇ ಬರಬೇಕು. ಅಂಥ ಪದಗಳನ್ನು ಕಣ್ಣಿಟ್ಟು ತಿದ್ದಬೇಕಾಯಿತು.

ಆ ನಾಲ್ಕು ಪುಟ ಓದಿದ ದಿನ ಅವರು ಫೋನ್ ಮಾಡಿ, "ಅವರ ಮಾತೇ ಕೇಳಿದ ಹಾಗಾಯಿತು" ಎಂದಷ್ಟೇ ಹೇಳಿದರು.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಸಿ.ಡಿ., ಫ್ಲಾಪಿ ಇರಬಹುದು. ಗೋಜಲು ಕಂಡಿತೆಂದು ಎಸೆಯಬೇಡಿ. ಫಾಂಟ್ ಇಂದಿಗೂ ಸಿಗುತ್ತದೆ. ಫ್ಲಾಪಿ ಓದುವ ಯಂತ್ರ, ಸಿ.ಡಿ.ಯ ಆಯುಷ್ಯ ಮಾತ್ರ ಕಾಯುವುದಿಲ್ಲ.