ಗಾಥ್ ಅಂದ್ರ ಯಾರು?

ಮೈತುಂಬ ಕರೀ ಅರಿವಿ, ಕಣ್ಣಿಗೆ ದಪ್ಪ ಕಾಡಿಗಿ, ತುಟಿಗೂ ಕರೀ ಬಣ್ಣ. ಇಂಥಾ ಹುಡುಗೀನ ಮೊಬೈಲಿನ್ಯಾಗ ನೋಡಿದ್ರ ನಾವು ಹೆಂಗಸರು ಮೊದಲು ಅನ್ನೂದು ಒಂದ ಮಾತು: "ಇದೇನವಾ ಅವತಾರ!" ಆ ಅವತಾರಕ್ಕ ಗಾಥ್ ಅಂತಾರ. ಈ ಹೆಸರಿನ ಹಿಂದ ಹದಿನಾರು ನೂರು ವರ್ಷಕ್ಕೂ ಹೆಚ್ಚಿನ ಕಥಿ ಅದರಿ. ಮಜಾ ಅಂದ್ರ, ಮೊದಲು ಅದಕ್ಕೂ ಕರೀ ಬಣ್ಣಕ್ಕೂ ಏನೂ ಸಂಬಂಧ ಇದ್ದಿಲ್ಲ.

ಗಾಥ್ ಅನ್ನೂದು ಒಂದು ಜನದ ಹೆಸರು. ಯುರೋಪಿನ ಡ್ಯಾನ್ಯೂಬ್ ಹೊಳಿ ಆಚಿಕಡೆ ಇದ್ದವರು. ಕ್ರಿ.ಶ. 376ರಾಗ ಹೂಣರ ಕಾಟಕ್ಕ ಹೆದರಿ, ಹೆಂಡ್ರು ಮಕ್ಕಳನ್ನ ಕಟಗೊಂಡು ಹೊಳಿ ದಾಟಿ ರೋಮ್ ಸಾಮ್ರಾಜ್ಯದಾಗ ಆಸರಾ ಬೇಡಿದ್ರು. ರೋಮಿನ ಅಧಿಕಾರಿಗಳು ಅವರ ಹಸಿವಿನ ಮ್ಯಾಲೆ ವ್ಯಾಪಾರ ಮಾಡಿದ್ರು. ತಿನ್ನಲಿಕ್ಕೆ ನಾಯಿ ಕೊಟ್ಟು, ಬದಲಿಗೆ ಅವರ ಮಕ್ಕಳನ್ನ ಗುಲಾಮರಾಗಿ ತೊಗೊಂಡ್ರಂತ. ಇದನ್ನ ಬರದಿಟ್ಟಾಂವ ರೋಮಿನ ದಂಡಿನ್ಯಾಗಿದ್ದ ಅಮ್ಮಿಯಾನಸ್, ವೈರಿ ಕಡೆಯವನಲ್ಲ. ತಾಯಂದಿರ ಹೊಟ್ಟಿ ಎಷ್ಟು ಉರದಿರಬೇಕು, ನೀವ ವಿಚಾರ ಮಾಡ್ರಿ.

ಎರಡು ವರ್ಷದಾಗ, 378ರಾಗ, ಗಾಥರ ಜೋಡಿ ಯುದ್ಧದಾಗ ರೋಮಿನ ಚಕ್ರವರ್ತಿ ವೇಲೆನ್ಸ್ ಸತ್ತ. 410ರಾಗ ಗಾಥರ ರಾಜಾ ಅಲಾರಿಕ್ ರೋಮ್ ಊರನ್ನ ಮೂರು ದಿನ ಲೂಟಿ ಮಾಡಿದ. ಲೂಟಿ ಎಲ್ಲಾರಿಗೂ ನೆನಪುಳೀತು, ನಾಯಿ ಕೊಟ್ಟು ಮಕ್ಕಳನ್ನ ತೊಗೊಂಡದ್ದು ಯಾರಿಗೂ ನೆನಪುಳೀಲಿಲ್ಲ. ಇದೇ ಜನದಾಗ ವುಲ್ಫಿಲಾ ಅನ್ನಾಂವ ತಮ್ಮ ಭಾಷಾಕ್ಕ ಅಕ್ಷರ ಮಾಡಿ, ಬೈಬಲ್ಲನ್ನ ಆ ಭಾಷಾಕ್ಕ ತಂದಿದ್ದ. ನೇರಳಿ ಬಣ್ಣದ ಹಾಳಿ ಮ್ಯಾಲೆ ಬೆಳ್ಳಿ ಅಕ್ಷರದ ಒಂದು ಪ್ರತಿ ಇವತ್ತಿಗೂ ಸ್ವೀಡನ್ನಿನ ಉಪ್ಸಾಲಾದಾಗ ಅದ. ಆದ್ರೂ ಗಾಥ್ ಅಂದ್ರ ಕಾಡು ಜನ ಅಂತನ ಆತು.

ಸಾವಿರ ವರ್ಷ ದಾಟಿದ ಮ್ಯಾಲೆ ಈ ಬೈಗಳಾ ಕಟ್ಟಡಕ್ಕ ಹತ್ತಿತು. ಇಟಲಿಯ ವಸಾರಿ 1550ರಾಗ ಕಲಾವಿದರ ಚರಿತ್ರಿ ಬರದ. ಚೂಪ ಕಮಾನಿನ ಎತ್ತರದ ಹಳೇ ಚರ್ಚುಗಳು ಅವಗ ಸೇರತಿದ್ದಿಲ್ಲ. ಇವು ಗಾಥರ ಒಡ್ಡ ಕೆಲಸ ಅಂದುಬಿಟ್ಟ. ಖರೇ ಅಂದ್ರ ಆ ನಮೂನಿ ಶುರು ಆದದ್ದು 1140ರ ಸುಮಾರಿಗೆ, ಪ್ಯಾರಿಸ್ ಬಾಜೂಕಿನ ಸೇಂಟ್ ಡೆನಿಯೊಳಗ. ಸ್ಪೇನಿನ್ಯಾಗಿದ್ದ ಗಾಥರ ಕಡೀ ರಾಜ್ಯ 711ರಾಗನ ಮುರದು ಬಿದ್ದಿತ್ತು. ಮಾಡದ ಕೆಲಸಕ್ಕೂ ಬೈಸಿಕೊಂಡ್ರು, ಪಾಪ! ಮುಂದ ಅದೇ ನಮೂನಿ ಎಲ್ಲಾರಿಗೂ ಚಂದ ಅನಸಲಿಕ್ಕೆ ಹತ್ತಿತು, ಗಾಥಿಕ್ ಅನ್ನೂದು ಹೊಗಳಿಕಿ ಆತು. ನಮ್ಮ ಹಿರ್ಯಾರು ವಿ.ಟಿ. ಅಂತಿದ್ದ ಮುಂಬೈ ಸ್ಟೇಶನ್ನು, ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚು, ಎರಡೂ ಆ ಜಾತೀವ.

ಕತ್ತಲಿ ಈ ಪದಕ್ಕ ಅಂಟಿದ್ದು ಕಥಿ ಪುಸ್ತಕದಿಂದ. ಇಂಗ್ಲಂಡಿನ ಹೊರೇಸ್ ವಾಲ್ಪೋಲ್ 1764ರಾಗ ಹಳೇ ಕೋಟಿಯೊಳಗಿನ ದೆವ್ವದ ಕಥಿ ಬರದು, ಮರುವರ್ಷದ ಮುದ್ರಣಕ್ಕ ಗಾಥಿಕ್ ಕಥಿ ಅಂತ ಹೆಸರು ಕೊಟ್ಟ. ಮುಂದ 1818ರಾಗ ಮೇರಿ ಶೆಲ್ಲಿ ಅನ್ನೂ ಇಪ್ಪತ್ತರ ಹುಡುಗಿಯ ಫ್ರಾಂಕೆನ್‌ಸ್ಟೈನ್ ಬಂತು, 1897ರಾಗ ಡ್ರಾಕುಲಾ ಬಂತು. ಡ್ರಾಕುಲಾನ ವೇಷ ಹಾಕಿದ್ದ ನಟನ ಹೆಸರಿನ ಮ್ಯಾಲೆ 1979ರಾಗ ಬೌಹೌಸ್ ಅನ್ನೂ ತಂಡ ಹಾಡು ಮಾಡಿತು. 1982ರಾಗ ಲಂಡನ್ನಿನ್ಯಾಗ ಬ್ಯಾಟ್‌ಕೇವ್ ಕ್ಲಬ್ ತೆರೀತು. ಅಲ್ಲಿ ಸೇರೂ ಹುಡುಗ ಹುಡುಗ್ಯಾರು ಮಂದಿ ಕರದ ಹೆಸರನ್ನ ತಾವ ಇಟಗೊಂಡ್ರು. ನಮ್ಮಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಅಡ್ಡಹೆಸರನ್ನ ಬಾಗಲದ ಮ್ಯಾಲೆ ಅಭಿಮಾನದಲೆ ಬರಸೂದಿಲ್ಲೇನು, ಹಂಗ.

ಆದ್ರ ಹೆಸರು ತಾವ ಇಟಗೊಂಡ್ರೂ ಹೊರಗಿನವರ ಕಣ್ಣು ಬದಲಾಗೂದಿಲ್ಲ. 2007ರಾಗ ಇಂಗ್ಲಂಡಿನ ಬೇಕಪ್ ಊರಿನ ಪಾರ್ಕಿನ್ಯಾಗ ಸೋಫಿ ಲ್ಯಾಂಕಾಸ್ಟರ್ ಅನ್ನೂ ಇಪ್ಪತ್ತು ವರ್ಷದ ಹುಡುಗೀನ ಪಡ್ಡೆ ಹುಡುಗರು ತುಳದು ಕೊಂದ್ರು. ತನ್ನ ಗೆಳ್ಯಾನ್ನ ಹೊಡೀಬ್ಯಾಡ್ರಿ ಅಂತ ಅಡ್ಡ ಬಂದಿದ್ಲು. ಇಬ್ಬರೂ ಗಾಥ್ ವೇಷದಾಗಿದ್ರು, ಅದ ಅವರ ತಪ್ಪು. ಆಕಿ ತಾಯಿ ಅಳಕೋತ ಕೂಡಲಿಲ್ಲ, ಮಗಳ ಹೆಸರಿನಲೆ ಸಂಸ್ಥಾ ಕಟ್ಟಿ ಸಾಲಿ ಮಕ್ಕಳಿಗೆ ತಿಳಿಸಿ ಹೇಳಲಿಕ್ಕೆ ನಿಂತ್ರು. 2013ರಾಗ ಮ್ಯಾಂಚೆಸ್ಟರ್ ಪೊಲೀಸರು ಇಂಥಾ ಹಲ್ಲೇನ ದ್ವೇಷದ ಅಪರಾಧ ಅಂತ ಬರಕೊಳ್ಳಲಿಕ್ಕೆ ಶುರು ಮಾಡಿದ್ರು.

ನಮ್ಮಲ್ಲೂ ಕರೀ ಬಣ್ಣ ಅಂದ್ರ ಮೂಗು ಮುರೀತೀವಿ. ಆದ್ರ ಹೊಸಾ ಸೊಸಿಗೆ ಮೊದಲ ಸಂಕ್ರಾಂತಿಗೆ ಚಂದ್ರಕಾಳಿ ಸೀರಿ ಉಡಿಸಿ ದೃಷ್ಟಿ ತಗೀತೀವಿ. ಬಣ್ಣ ಅದ, ನೋಡೂ ಕಣ್ಣು ಬ್ಯಾರೆ. ಅದಕ ವೈನಿ, ಮನ್ಯಾಗಿನ ಹುಡುಗಿ ಯಾವಾಗರ ಕರೀ ಅಂಗಿ, ಕರೀ ಕಾಡಿಗಿ ಹಚಗೊಂಡು ಬಂದ್ರ, ಬೈಯೂಕಿಂತ ಮೊದಲು ಆಕಿ ಯಾವ ಹಾಡು ಕೇಳ್ತಾಳ ಅಂತರ ಕೇಳ್ರಿ.